ಗುಂಡಿ ಅಂಗಡಿಯಲ್ಲಿ ಒಲೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಗುಂಡಿ ಅಂಗಡಿ ಸೊಸೆ ಎಂದೇ. ಮದುವೆಯಾಗಿ ಬಂದ ಹೊಸದರಲ್ಲಿ ಆ ಹೆಸರು ಒಪ್ಪುವಂತೆಯೇ ಇತ್ತು. ಆದರೆ ಅವಳ ತಲೆಗೂದಲು ನರೆತು, ಮಗಳು ಬೇರೆ ಊರಿನಲ್ಲಿ ತಾನೂ ಒಂದು ಮನೆಯ ಸೊಸೆಯಾದ ಮೇಲೂ ಇವಳು ಬೀದಿಗೆ ಸೊಸೆಯಾಗಿಯೇ ಉಳಿದಳು. ಅಂಗಡಿ ಅತ್ತೆಯದು. ಬಾಗಿಲಿಗೆ ಅಡ್ಡವಾಗಿ ಹಾಕಿದ ಬೆತ್ತದ ಕುರ್ಚಿಯೂ ಅತ್ತೆಯದು. ಅದರಲ್ಲಿ ಅತ್ತೆ ಬೆಳಗ್ಗೆ ಕೂತರೆ ಸಂಜೆಯವರೆಗೆ ಕದಲುತ್ತಿರಲಿಲ್ಲ. ಒಳಗೆ ಬರುವ ಗಿರಾಕಿ ಮಗ್ಗುಲಾಗಿ ನುಸುಳಿಕೊಂಡು ಬರಬೇಕು, ಹೊರಗೆ ಹೋಗುವವರೂ ಹಾಗೆಯೇ.

ಸೊಸೆಗೆ ಕೂರುವುದೆಂದರೆ ಶಿಕ್ಷೆ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಅವಳ ತಾಯಿ ಹೇಳುತ್ತಿದ್ದಳು. ಶಾಲೆಯಲ್ಲಿ ಬೆಂಚಿನ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಪಕ್ಕದವರಿಂದೆಲ್ಲ ಬೈಸಿಕೊಂಡಿದ್ದಳು. ಮದುವೆಗೆ ಮುಂಚೆ ಕೆಲವು ವರ್ಷ ಒಂದು ಕಂಬಳಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಮಾಡಿದಳು. ಅವಳು ನೆಮ್ಮದಿಯಾಗಿದ್ದದ್ದು ಅಲ್ಲಿ ಮಾತ್ರ ಎನ್ನಬೇಕು. ಅವಳ ಎದೆಯೆತ್ತರದ ಪಾತ್ರೆಗಳು, ದೋಣಿಯ ಹುಟ್ಟಿನಷ್ಟು ಉದ್ದದ ಸೌಟುಗಳು. ಮಧ್ಯಾಹ್ನದ ಸೈರನ್ ಕೂಗಿದರೆ ಕಟ್ಟೆಯೊಡೆದ ನೀರಿನಂತೆ ಜನ ನುಗ್ಗುತ್ತಿದ್ದರು. ಬಡಿಸಿ ಮುಗಿಯುವಷ್ಟರಲ್ಲಿ ಅವಳ ಮೈಯೆಲ್ಲ ಬೆವರು, ಮುಖದ ತುಂಬ ನಗು.

ಅಲ್ಲಿಂದ ತಂದು ಅವಳನ್ನು ಗುಂಡಿಗಳ ನಡುವೆ ಕೂರಿಸಿದರು. ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಒಂದೊಂದರ ಮುಖಕ್ಕೂ ಒಳಗಿರುವ ಜಾತಿಯ ಗುಂಡಿಯೊಂದನ್ನು ಅಂಟಿಸಿತ್ತು. ದಾರದ ರೀಲು, ಜಿಪ್ಪು, ಎಲಾಸ್ಟಿಕ್ಕು, ಹುಕ್ಕು, ಲೈನಿಂಗ್ ಬಟ್ಟೆ. ಯಾವುದಕ್ಕೂ ಶಬ್ದವಿಲ್ಲ, ವಾಸನೆಯಿಲ್ಲ, ಯಾವುದೂ ಉಕ್ಕುವುದಿಲ್ಲ, ಸೀಯುವುದಿಲ್ಲ. "ಗುಂಡಿ ಅಂಗಡಿಗೆ ಬಂದೆ ಅಂದ್ಕೊಂಡೆ, ಗುಂಡಿಗೇ ಬಿದ್ದೆ" ಎಂದು ಅವಳು ತವರಿಗೆ ಹೋದಾಗ ತಂಗಿಯ ಹತ್ತಿರ ನಗುತ್ತ ಹೇಳಿದ್ದಳು. ಅವಳ ಗಂಡ ಬಸ್ ಡ್ರೈವರು. ನಿಧಾನಿ, ಮಾತು ಕಡಿಮೆ. ಅವನು ದಿನವಿಡೀ ಕೂತೇ ಊರೆಲ್ಲ ಸುತ್ತಿ ಬರುತ್ತಿದ್ದ. ಅವಳು ಅಂಗಡಿಯೊಳಗೆ ದಿನವಿಡೀ ಓಡಾಡಿಯೂ ಎಲ್ಲಿಗೂ ಹೋದ ಹಾಗಾಗುತ್ತಿರಲಿಲ್ಲ.

ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ದಿನ ಹೀಗಾಯಿತು. ಅಂಗಡಿಯ ಎದುರಿಗೇ ಬಸ್ ನಿಲ್ದಾಣ. ಯಾವುದೋ ಬಸ್ಸು ಹೊರಡಲು ನಿಂತಿತ್ತು. ಅವಳು "ದಾರ ಮುಗಿದಿದೆ, ತರ್ತೀನಿ ಅತ್ತೆ" ಎಂದು ಕುರ್ಚಿ ದಾಟಿ ಹೋದವಳು ಆ ಬಸ್ಸು ಹತ್ತಿಬಿಟ್ಟಳು. ಕೊನೆಯ ಸ್ಟಾಪಿನವರೆಗೂ ಹೋದಳು. ಅಲ್ಲಿ ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ. ಕಂಡಕ್ಟರು ಬಂದು ನೋಡಿ, ಏನೂ ಕೇಳದೆ ತನ್ನ ಪಾಡಿಗೆ ಟೀ ಕುಡಿಯಲು ಹೋದ. ಅದೇ ಬಸ್ಸಿನಲ್ಲಿ ವಾಪಸು ಬಂದು, ಇಳಿದ ಮೇಲೆ ಹಿಂದಿನ ಬೀದಿಯಲ್ಲಿ ಕೊಂಡ ನಾಲ್ಕು ರೀಲು ದಾರವನ್ನು ಮೇಜಿನ ಮೇಲಿಟ್ಟಳು. ಅತ್ತೆ ಕೇಳಿದ್ದು ಒಂದೇ ಮಾತು: "ದಾರ ಸಿಕ್ತಾ?"

"ಸಿಕ್ತು" ಎಂದಳು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ವರ್ಷಗಳು ಕಳೆದ ಹಾಗೆ ಜನ ಬಟ್ಟೆ ಹೊಲಿಯುವುದನ್ನೇ ಬಿಟ್ಟರು. ಅಂಗಿಯ ಗುಂಡಿ ಕಿತ್ತರೆ ಅಂಗಿಯನ್ನೇ ಎಸೆಯುವ ಕಾಲ ಬಂತು. ಅಂಗಡಿಗೆ ಬರುತ್ತಿದ್ದವರು ಒಬ್ಬ ಮುದಿ ದರ್ಜಿ, ಮತ್ತೆ ಅತ್ತೆಯ ಜೊತೆ ಹರಟಲು ಬರುವ ಅಕ್ಕಪಕ್ಕದ ಹೆಂಗಸರು. ಅಂಥ ಒಂದು ಚಳಿಯ ಸಂಜೆ ಡ್ಯೂಟಿ ಮುಗಿಸಿದ ಕಂಡಕ್ಟರೊಬ್ಬ ಕೈ ಉಜ್ಜಿಕೊಳ್ಳುತ್ತ ಒಳಗೆ ನುಸುಳಿ ಬಂದ.

"ಅಕ್ಕ, ಇಲ್ಲಿ ತಿನ್ನೋಕೆ ಬಿಸಿಯಾಗಿ ಏನಾದ್ರೂ ಸಿಗುತ್ತಾ?"

"ಗುಂಡಿ ಇದೆ. ಬಿಸಿ ಮಾಡಿ ಕೊಡ್ಲಾ?" ಎಂದಳು ಸೊಸೆ.

ಅವನು ನಾಚಿಕೊಂಡು ನಕ್ಕು ಹೋದ. ಅವಳಿಗೆ ನಗು ಬರಲಿಲ್ಲ. ಅವನ ಬೆನ್ನನ್ನೇ ನೋಡುತ್ತ ನಿಂತಳು. ನಿಲ್ದಾಣದಲ್ಲಿ ಇನ್ನೂ ಎಷ್ಟೋ ಜನ ಅವನಂತೆಯೇ ಕಾಲರ್ ಎತ್ತಿಕೊಂಡು, ತಣ್ಣಗಿನ ಬ್ರೆಡ್ಡನ್ನು ಕಾಗದದಿಂದ ಬಿಡಿಸಿ ತಿನ್ನುತ್ತಿದ್ದರು. ಅವಳ ಗಂಡನೂ ಇಷ್ಟು ವರ್ಷ ಇನ್ನೊಂದು ನಿಲ್ದಾಣದಲ್ಲಿ ಹೀಗೆಯೇ ತಿಂದಿದ್ದ. ಆ ಕ್ಷಣದಿಂದ ಅವಳಿಗೆ ಕೂತರೆ ಸಮಾಧಾನವಿಲ್ಲ, ನಿಂತರೆ ಸಮಾಧಾನವಿಲ್ಲ. ಡ್ರಾಯರುಗಳ ಗೋಡೆ ನೋಡಿದರೆ ಅಲ್ಲಿ ಒಲೆ ಕಾಣುತ್ತಿತ್ತು. ಮೇಜು ನೋಡಿದರೆ ಪೊಟ್ಟಣ ಕಟ್ಟುವ ಕಟ್ಟೆ ಕಾಣುತ್ತಿತ್ತು. ಕೂತು ತಿನ್ನಲು ಜಾಗ ಬೇಡ. ಬಂದರು, ಬಿಸಿಬಿಸಿ ಕಟ್ಟಿಸಿಕೊಂಡರು, ಹೋದರು. ಅಷ್ಟೇ.

ಅತ್ತೆಗೆ ಹೇಳುವುದು ಹೇಗೆ? ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಕೆಲಸ. ಏನೇನು ಆಕ್ಷೇಪ ಬರಬಹುದೋ ಅದಕ್ಕೆಲ್ಲ ಉತ್ತರ ಜೋಡಿಸಿಕೊಂಡು, ಪಾತ್ರೆ ತೊಳೆಯುವಾಗ ಬಾಯಿಪಾಠ ಮಾಡಿ, ಒಂದು ಬೆಳಗ್ಗೆ ಕುರ್ಚಿಯ ಮುಂದೆ ಹೋಗಿ ನಿಂತಳು.

"ಅತ್ತೆ, ಗುಂಡಿ ವ್ಯಾಪಾರ ನಿಲ್ಲಿಸಿ ಇಲ್ಲಿ ಬಿಸಿ ಊಟ ಮಾಡಿ ಮಾರೋಣ ಅಂತಿದ್ದೀನಿ."

ಅತ್ತೆ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಮಾಡು" ಎಂದರು.

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ಅವಳಿಗೆ. "ಮಾವ ಕಟ್ಟಿದ ಅಂಗಡಿ..." ಎಂದು ಅತ್ತೆ ಆಡಬೇಕಾಗಿದ್ದ ಮಾತನ್ನು ತಾನೇ ಶುರು ಮಾಡಿದಳು.

"ಗೊತ್ತು. ಮಾಡು ಅಂದ್ನಲ್ಲ."

ಸಂಜೆ ಗಂಡ ಬಂದಾಗ ಹೇಳಿದಳು. ಅವನು ಷೂ ಬಿಚ್ಚುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ.

"ಅಮ್ಮ ಒಪ್ಪಿದ್ರಾ?"

"ಹೂಂರೀ."

"ಸರಿಯಾಗಿ ಕೇಳಿಸ್ಕೊಂಡ್ರಾ?"

"ಎರಡು ಸಲ ಹೇಳಿದ್ರು."

"ಹಾಗಾದ್ರೆ ಮೈ ಹುಷಾರಿಲ್ಲವೇನೋ" ಎಂದು ಅವನು ಒಂದು ಕಾಲಿಗೆ ಷೂ ಇದ್ದ ಹಾಗೆಯೇ ತಾಯಿಯ ಹಣೆ ಮುಟ್ಟಿ ನೋಡಲು ಹೋದ.

ಕೆಲಸ ಶುರುವಾಯಿತು. ಗುಂಡಿಗಳಲ್ಲಿ ಅರ್ಧ ದರ್ಜಿಗೆ ಹೋದವು, ಅರ್ಧ ಶಾಲೆಯ ಕೈಕೆಲಸದ ಮೇಡಮ್ಮಿಗೆ. ಡ್ರಾಯರುಗಳನ್ನು ಗೋಡೆಯಿಂದ ಕಿತ್ತಾಗ ಹಿಂದಿನ ಗಾರೆ ಹಪ್ಪಳದಂತೆ ಉದುರಿತು. ಗಾರೆ ಕೆಲಸದವರು, ಟೈಲ್ಸಿನವರು, ನಲ್ಲಿಯವನು ಒಬ್ಬರ ಹಿಂದೊಬ್ಬರು ಬಂದರು. ಅತ್ತೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಧೂಳು ಎದ್ದರೆ ತಲೆಯ ಮೇಲೆ ದಿನಪತ್ರಿಕೆ ಹೊದ್ದುಕೊಂಡು ಕೂರುತ್ತಿದ್ದರು. ಸಿಮೆಂಟಿನ ಬಾಂಡ್ಲಿ ಹೊತ್ತವನು "ಅಮ್ಮಾ, ಸ್ವಲ್ಪ" ಎಂದರೆ ಮೊಣಕಾಲು ಮಾತ್ರ ಒಂದು ಕಡೆಗೆ ತಿರುಗಿಸುತ್ತಿದ್ದರು. ಅಷ್ಟರಲ್ಲೇ ಅವನು ದಾಟಬೇಕು.

ತೊಡಕಾಗಿದ್ದು ಹೊಗೆಯದು. ತಗಡಿನ ಮೇಸ್ತ್ರಿ ಒಲೆಯ ಜಾಗದ ಮೇಲೆ ಕಣ್ಣಾಡಿಸಿ, ಚಾವಣಿಗೆ ಕೈ ತೋರಿಸಿದ. ಒಲೆಯ ಮೇಲೆ ಚಿಮಣಿ, ಅದಕ್ಕೊಂದು ದೊಡ್ಡ ಫ್ಯಾನು, ಅಲ್ಲಿಂದ ಕೊಳವೆ ಗೋಡೆ ತೂರಿ ಹೊರಗೆ ಹೋಗಿ ಮೇಲಿನ ಮನೆಯ ಕಿಟಕಿಯ ಪಕ್ಕದಲ್ಲೇ ಹತ್ತಿ ಸೂರು ದಾಟಬೇಕು. ಮೇಲಿನ ಮನೆಯಲ್ಲಿದ್ದದ್ದು ಒಬ್ಬ ನರ್ಸು. ಒಂಟಿ ಹೆಣ್ಣು. ಆಸ್ಪತ್ರೆಯಲ್ಲಿ ಅವಳಿಗೆ ಯಾವಾಗಲೂ ರಾತ್ರಿ ಪಾಳಿ, ಅವಳ ರಾತ್ರಿಯೆಲ್ಲ ಹಗಲಿನಲ್ಲೇ. ಮೇಸ್ತ್ರಿ ಗೋಡೆಗೆ ತೂತು ಕೊರೆದು ಫ್ಯಾನು ಹಚ್ಚಿ ನೋಡಿದ ದಿನ ಅವಳು ಮಲಗಿದ್ದ ಬಟ್ಟೆಯಲ್ಲೇ, ಕೂದಲು ಕೆದರಿಕೊಂಡು ಮೆಟ್ಟಿಲಿಳಿದು ಬಂದಳು.

"ಏನಕ್ಕ ಇದು? ಏರೋಪ್ಲೇನು ಇಳಿಸ್ತಿದ್ದೀರಾ?"

"ಅಡುಗೆ ಶುರುವಾದ್ಮೇಲೆ ಅಭ್ಯಾಸ ಆಗುತ್ತೆ ಸಿಸ್ಟರ್" ಎಂದಳು ಸೊಸೆ, ಕೈಯಲ್ಲಿದ್ದ ಪೊರಕೆ ಕೆಳಗಿಡದೆ.

"ಯಾರಿಗೆ ಅಭ್ಯಾಸ? ನಿಮಗಾ, ನನಗಾ?"

ಇಂಥ ವ್ಯಾಪಾರಕ್ಕೆ ನಗರಸಭೆಯ ಅನುಮತಿ ಬೇಕಿತ್ತು. ನೆರೆಯವರಿಗೆ ಅಡ್ಡಿಯಿದ್ದರೆ ತಿಳಿಸಿ ಎಂದು ಅವರೇ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದರು. ನರ್ಸು ಕಚೇರಿಗೆ ಹೋಗಿ ತನ್ನ ಅಡ್ಡಿ ಹೇಳಿ ಬಂದಳು. ಪರಿಶೀಲನೆಗೆ ಬಂದ ಇನ್ಸ್‌ಪೆಕ್ಟರು ಕೊಳವೆ ನೋಡಿದ, ಕಿಟಕಿ ನೋಡಿದ, ಕೂರಲು ಜಾಗ ಹುಡುಕಿದ. ಅತ್ತೆ ಏಳಲಿಲ್ಲ. "ಮೇಲಿನವರನ್ನ ಒಪ್ಪಿಸಿ, ಇಲ್ಲ ಒಲೆ ಮರೆತುಬಿಡಿ" ಎಂದು ನಿಂತುಕೊಂಡೇ ಹೇಳಿ ಹೋದ.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಟೈಲ್ಸ್ ಅಂಟಿಸಿ ಆಗಿದೆ, ಒಲೆ ಬಂದು ಕೂತಿದೆ, ಗುಂಡಿ ಹೋಗಿದೆ, ಊಟ ಬಂದಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ದಿನಕ್ಕೆ ಎಷ್ಟು ಸಲ ಹೊಸ ಸಿಂಕಿನ ನಲ್ಲಿ ತಿರುಗಿಸಿ ನೋಡಿದಳೋ, ಎಷ್ಟು ಸಲ ಒರೆಸಿದ ಟೈಲ್ಸನ್ನೇ ಒರೆಸಿದಳೋ. ಕೊನೆಗೆ ತಡೆಯಲಾರದೆ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು.

"ಸಿಸ್ಟರ್, ಅಷ್ಟೊಂದು ಶಬ್ದ ಏನಿದೆ ಹೇಳಿ. ಸುಮ್ನೆ ದೊಡ್ಡದು ಮಾಡ್ತಿದ್ದೀರ."

ನರ್ಸು ಜಗಳವಾಡಲಿಲ್ಲ. ಬಾಗಿಲು ಪೂರ್ತಿ ತೆರೆದಳು. "ಬನ್ನಿ ಒಳಗೆ. ಫ್ಯಾನು ಹಾಕೋಕೆ ಹೇಳಿ ಬನ್ನಿ. ನನ್ನ ಹಾಸಿಗೆ ಮೇಲೆ ಒಂದು ಗಂಟೆ ಮಲಗಿ. ನಿದ್ದೆ ಬೇಡ, ಸುಮ್ನೆ ಮಲಗಿ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

ಇದಕ್ಕಿಂತ ಸುಲಭದ ಷರತ್ತು ಇನ್ನೊಂದಿಲ್ಲ ಎಂದುಕೊಂಡು ಸೊಸೆ ಮೆಟ್ಟಿಲಿನಿಂದಲೇ ಮೇಸ್ತ್ರಿಗೆ ಕೂಗಿ ಹೇಳಿ, ಹೋಗಿ ಮಲಗಿದಳು. ಕಿಟಕಿಗೆ ದಪ್ಪನೆಯ ಕಪ್ಪು ಪರದೆ. ತಲೆಯ ಹತ್ತಿರ ಕಿವಿಗೆ ಇಟ್ಟುಕೊಳ್ಳುವ ಹತ್ತಿಯ ಉಂಡೆಗಳು, ಒಂದು ಲೋಟ ನೀರು. ನರ್ಸು ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದಳು. ಕೆಳಗೆ ಫ್ಯಾನು ಶುರುವಾಯಿತು. ಮೊದಲು ಗೊರ್ರೆಂದಿತು, ಆಮೇಲೆ ಆ ಶಬ್ದ ಮಂಚದ ಕಾಲಿನಿಂದ ಹತ್ತಿ ಅವಳ ಹಲ್ಲಿನವರೆಗೆ ಬಂತು. ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು.

ಅವಳು ಮಗ್ಗುಲು ಬದಲಿಸಿದಳು. ಕಾಲು ಅಲ್ಲಾಡಿಸಿದಳು. ಎದ್ದು ಕೂತಳು.

"ಇನ್ನೂ ಆಗಿಲ್ಲಕ್ಕ. ಮಲಗಿ" ಎಂದಳು ನರ್ಸು.

"ಗಂಟೆ ಮುಂದಕ್ಕೇ ಹೋಗ್ತಿಲ್ಲವಲ್ರಿ!"

"ಹಾಗೇ ಅದು. ನಿದ್ದೆ ಬಾರದವರ ಗಂಟೆ ಎತ್ತಿನ ಗಾಡಿ."

ಮೈ ಚಡಪಡಿಸುತ್ತಿತ್ತು. ಹೀಗೆ ಹಗಲುಹೊತ್ತಿನಲ್ಲಿ, ಏನೂ ಮಾಡದೆ, ಅಂಗಾತ ಮಲಗಿದ್ದು ಅವಳಿಗೆ ನೆನಪೇ ಇರಲಿಲ್ಲ. ಅರ್ಧ ಗಂಟೆಯಾಗಿರಬೇಕು, ಫ್ಯಾನು ತಟ್ಟನೆ ನಿಂತಿತು. ಮೇಸ್ತ್ರಿ ಬೀಡಿಗೆ ಬಿಡುವು ಮಾಡಿಕೊಂಡಿದ್ದ. ಆ ನಿಶ್ಶಬ್ದದಲ್ಲಿ, ಕೊಳವೆಗೆಂದು ಕೊರೆದ ತೂತಿನಿಂದ ಕೆಳಗಿನ ಮಾತು ಹೊರಬಿದ್ದು ಕಿಟಕಿಗೆ ಹತ್ತಿ, ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ ಬಂತು.

"ಅಲ್ಲಮ್ಮಾ, ಹೀಗೆ ಬಾಗಿಲಿಗೇ ಅಡ್ಡ ಕೂತ್ಕೊಂಡ್ರೆ ನಾವು ಕೆಲಸ ಮಾಡೋದು ಹೇಗೆ? ಒಳಗೆ ಎಲ್ಲಾದ್ರೂ ಹಾಕ್ಕೊಳ್ಳಿ ಕುರ್ಚಿನ" ಎನ್ನುತ್ತಿದ್ದ ಮೇಸ್ತ್ರಿ.

"ನಾನೇನು ಗಾಳಿಗೆ ಕೂತಿದ್ದೀನಿ ಅಂದ್ಕೊಂಡ್ಯಾ?" ಅತ್ತೆಯ ದನಿ. "ನನ್ನ ಸೊಸೆ ಈ ಮನೆಗೆ ಬಂದಾಗಿಂದ ಬಾಗಿಲ ಕಡೆನೇ ನೋಡೋಳು. ಒಂದಲ್ಲ ಒಂದು ದಿನ ಎದ್ದು ಹೋಗಿಬಿಡ್ತಾಳೆ ಅನ್ನಿಸ್ತು. ಅದಕ್ಕೆ ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡೆ."

"ಈಗ?"

"ಈಗ ಒಲೆ ಹಚ್ತಾಳಲ್ಲ. ಉರಿಯೋ ಒಲೆ ಬಿಟ್ಟು ಯಾರು ಹೋಗ್ತಾರೆ? ಅದಕ್ಕೇ ಹೂಂ ಅಂದೆ."

ಮೇಸ್ತ್ರಿ ಗಟ್ಟಿಯಾಗಿ ನಕ್ಕ. ಮೇಲೆ ನರ್ಸಿನ ಚಾಕು ನಿಂತಿತ್ತು. ಅವಳೂ ಕೇಳಿಸಿಕೊಂಡಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿಮಗೆ ನಮ್ಮ ಮನೆ ಮಾತೆಲ್ಲ ಹೀಗೇ ಕೇಳಿಸುತ್ತಾ?" ಎಂದು ಸೊಸೆ ಕೊನೆಗೆ ಕೇಳಿದಳು.

"ತೂತು ಈಗ ಕೊರೆದದ್ದಕ್ಕ. ಮುಂಚೆ ಮಾತು ಕೇಳಿಸ್ತಿರಲಿಲ್ಲ. ನಿಮ್ಮ ಕಾಲಿನ ಸಪ್ಪಳ ಮಾತ್ರ. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಪಾಪ, ಇವರು ಎಲ್ಲಿಗೆ ಹೋಗ್ಬೇಕು ಅಂತಿದ್ದಾರೋ ಅಂದ್ಕೊಳ್ತಿದ್ದೆ."

ಸೊಸೆ ಗಂಟೆ ಮುಗಿಯುವವರೆಗೂ ಮಲಗಿಯೇ ಇದ್ದಳು. ಮಾತಿಗೆ ತಪ್ಪಲಿಲ್ಲ. ಆದರೆ ಕೆಳಗೆ ಬಂದ ಮೇಲೆ ಅವಳು ಅವಳಾಗಿರಲಿಲ್ಲ. ಇಟ್ಟ ವಸ್ತು ಎತ್ತಿದಳು, ಎತ್ತಿದ್ದನ್ನು ಇಟ್ಟಳು. ಗಂಡ ಏನು ಕೇಳಿದರೂ "ಏನಿಲ್ಲ" ಎಂದಳು. ಅತ್ತೆಗೆ ತಟ್ಟೆ ಇಡುವಾಗ ತಟ್ಟೆ ಕುಕ್ಕಿದಳು. ಹೀಗೆ ಕೆಲವು ದಿನ. ಆಮೇಲೊಂದು ಬೆಳಗ್ಗೆ, ಕೆಲಸದವರು ಬರುವ ಮುಂಚೆ, ಒಂದು ಬಣ್ಣದ ಡಬ್ಬ ಬೋರಲು ಹಾಕಿ ಅತ್ತೆಯ ಎದುರಿಗೆ ಕೂತಳು. ಅವಳು ತಾನಾಗಿ ಕೂತದ್ದನ್ನು ಕಂಡು ಅತ್ತೆಗೇ ಗಾಬರಿಯಾಯಿತು.

"ನಾನು ಓಡಿ ಹೋಗ್ತೀನಿ ಅಂದ್ಕೊಂಡಿದ್ರಾ ಅತ್ತೆ?"

ಅತ್ತೆ ಒಂದು ಕ್ಷಣ ಮೇಲಿನ ತೂತು ನೋಡಿದರು. ಅವರಿಗೆ ಅರ್ಥವಾಯಿತು. "ಹೋಗಿದ್ದೆ ತಾನೆ ಒಂದ್ಸಲ. ವಾಪಸ್ ಬಂದೆ, ಅಷ್ಟೆ."

"ಗೊತ್ತಿತ್ತಾ ನಿಮಗೆ?"

"ನಮ್ಮ ಬಾಗಿಲೆದುರು ಬಸ್ಸು ಹತ್ತಿದ್ದು ನಂಗೆ ಕಾಣಲ್ವಾ? ದಾರಕ್ಕೆ ಯಾರಾದ್ರೂ ಆ ಬಸ್ಸಲ್ಲಿ ಹೋಗ್ತಾರಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಬಾಯಿಬಿಟ್ಟು ಹೇಳ್ತಿದ್ದೆ. ಬಾಯಿಬಿಟ್ಟು ಹೇಳಿದ್ಮೇಲೆ ಹೋಗಲೇಬೇಕಾಗ್ತಿತ್ತು."

ಸೊಸೆ ಹೊಸ ಒಲೆಯ ಕಡೆ ತಿರುಗಿ ನೋಡಿದಳು. "ಅಂದ್ರೆ ಈ ಒಲೆಗೆ ಒಪ್ಪಿದ್ದು ನನ್ನ ಕಟ್ಟಿಹಾಕೋಕೆ."

"ಮತ್ತಿನ್ಯಾಕೆ? ನಂಗೆ ಎಣ್ಣೆ ವಾಸನೆ ಇಷ್ಟ ಅಂತಾನಾ?"

ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅತ್ತೆ ನಗಲಿಲ್ಲ. ಕೈ ಚಾಚಿ ಅವಳ ಮೊಣಕಾಲನ್ನು ಹಿಡಿದರು. ಅದು ಆಗಲೂ ಅಲ್ಲಾಡುತ್ತಲೇ ಇತ್ತು.

ಆವತ್ತೇ ಮೇಸ್ತ್ರಿಗೆ ಕೊಳವೆ ಬಿಚ್ಚಲು ಹೇಳಿದಳು. ಅವನು ತಲೆ ಚಚ್ಚಿಕೊಂಡ. ಫ್ಯಾನು ಹಿತ್ತಲಿಗೆ ಹೋಯಿತು, ಅದರ ಕಾಲಿಗೆ ಬಸ್ಸಿನ ಹಳೆಯ ಟೈರು ಕತ್ತರಿಸಿ ಮೆತ್ತೆ ಕೊಟ್ಟಿದ್ದು ಗಂಡ. ಕೊಳವೆ ಕಿಟಕಿಯಿಲ್ಲದ ಗೋಡೆಯ ಮೇಲೆ ಹತ್ತಿತು. ತೂತನ್ನು ಮುಚ್ಚಿಸಿದಳು. ಒಲೆ ಹಚ್ಚುವುದು ನರ್ಸು ಎದ್ದ ಮೇಲೆಯೇ, ಸಂಜೆಗೆ. ಅಲ್ಲಿಯವರೆಗೆ ತರಕಾರಿ ಹೆಚ್ಚುವುದು, ತೊಳೆಯುವುದು, ಸದ್ದಿಲ್ಲದ ಕೆಲಸ ಮಾತ್ರ. ನರ್ಸು ಫ್ಯಾನು ಹಾಕಿಸಿಕೊಂಡು ಎರಡು ಹಗಲು ಮಲಗಿ ನೋಡಿ, ಕಚೇರಿಗೆ ಹೋಗಿ ತನ್ನದೇನೂ ಅಡ್ಡಿಯಿಲ್ಲ ಎಂದು ಹೇಳಿ ಬಂದಳು. ಅನುಮತಿ ಸಿಕ್ಕಿತು.

ಮೊದಲ ಸಂಜೆಯ ಅಡುಗೆ ಸೂಪು, ಹುರಿದ ಕೋಳಿ, ಬೇಯಿಸಿ ಕೆಂಪಗೆ ಹುರಿದ ಆಲೂಗಡ್ಡೆ. ಬಹಳ ಹೊತ್ತು ಒಬ್ಬರೂ ಬರಲಿಲ್ಲ. ಸೊಸೆ ಸೌಟು ತಿರುಗಿಸುತ್ತ, ರುಚಿ ನೋಡುತ್ತ, ಬಾಗಿಲಿಗೂ ಒಲೆಗೂ ಓಡಾಡುತ್ತ ಇದ್ದಳು. ಮೂರು ಬಸ್ಸು ಒಟ್ಟಿಗೆ ಬಂದು ನಿಂತವು. ಡ್ರೈವರು, ಕಂಡಕ್ಟರುಗಳೆಲ್ಲ ಒಮ್ಮೆಗೇ ಬಂದರು. ಮೊದಲ ಗುಟುಕು ಸೂಪು ಕುಡಿದ ದಪ್ಪ ಮೀಸೆಯ ಡ್ರೈವರೊಬ್ಬ ಕಣ್ಣು ಮುಚ್ಚಿದ, ಬಾಯಿ ತೆರೆದ.

"ಅಕ್ಕಾ, ಸಮುದ್ರಾನೇ ಕಾಯಿಸಿಟ್ಟಿದ್ದೀರಾ?"

ತಳಮಳದಲ್ಲಿ ಎಷ್ಟು ಸಲ ಉಪ್ಪು ಹಾಕಿದ್ದಳೋ ಅವಳಿಗೇ ತಿಳಿಯದು. ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ಅವರೆದುರಿಗೇ ಇಡೀ ಪಾತ್ರೆಯನ್ನು ಮೋರಿಗೆ ಸುರಿದು, "ಕೋಳಿ ತಿಂತಾ ಇರಿ, ಸೂಪು ಬರುತ್ತೆ" ಎಂದು ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. ಒಲೆಯ ಉರಿ ಏರಿತು, ಪಾತ್ರೆ ಸದ್ದು ಮಾಡಿತು, ಹೊರಗಿನವರು ಅವಸರ ಮಾಡಿದರು. ಅವಳ ಕೈಕಾಲಿಗೆ ಕ್ಯಾಂಟೀನಿನ ಹಳೆಯ ಲಯ ಸಿಕ್ಕಿತು. ಎರಡನೆಯ ಸೂಪು ಪಾತ್ರೆಯ ತಳ ಕಾಣುವವರೆಗೆ ಹೋಯಿತು.

ಹೊಸ ಕಟ್ಟೆ ಬಂದದ್ದು ಸರಿಯಾಗಿ ಬಾಗಿಲಿಗೇ. ಅತ್ತೆಗೆ ಅಲ್ಲಿ ಜಾಗವಿಲ್ಲ. ಒಳಗೆ ಬಿಸಿ. ಎರಡು ದಿನ ಮುಖ ಊದಿಸಿಕೊಂಡು ಮನೆಯಲ್ಲಿದ್ದರು. ಮೂರನೆಯ ದಿನ ರಸ್ತೆ ದಾಟಿ ಹೋಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಅಲ್ಲಿಂದ ಅಂಗಡಿ ಪೂರ್ತಿ ಕಾಣುತ್ತಿತ್ತು. ಇಳಿದ ಪ್ರಯಾಣಿಕರಿಗೆಲ್ಲ "ಅಲ್ಲಿ ಸೂಪು ಸಿಗುತ್ತೆ, ಹೋಗಿ. ಇವತ್ತು ಉಪ್ಪು ಸರಿ ಇದೆ" ಎಂದು ಹೇಳತೊಡಗಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನೆರೆಯ ಹೆಂಗಸರು ಪಿಸುಗುಟ್ಟಿದರು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ, ಅವರಿಗೆ ಬೆಂಚಿನಲ್ಲಿ ದಿನಕ್ಕೊಬ್ಬ ಹೊಸ ಕೇಳುಗ ಸಿಗುತ್ತಿದ್ದ.

ವ್ಯಾಪಾರ ಕುದುರಿತು, ಬೀದಿಗೆ ಹೊಸ ವಾಸನೆ ಬಂತು, ಗಂಡನೂ ಬಸ್ಸಿಗೆ ಬೆಳಗಿನ ಪಾಳಿ ಕೇಳಿ ಪಡೆದು ಸಂಜೆ ಆಲೂಗಡ್ಡೆ ಹುರಿಯಲು ನಿಂತ. ನಿಧಾನಿಯ ಕೈಯಲ್ಲಿ ಆಲೂಗಡ್ಡೆ ಸೀಯುವುದೇ ಇಲ್ಲ ಎಂದು ಹೆಸರಾಯಿತು. ಎಲ್ಲ ಸರಿಯಾಗಿತ್ತು. ಹಾಗಾದರೆ ಸೊಸೆ ಒಲೆಯ ಮುಂದೆ ನಿಂತವಳು ಮತ್ತೆ ಹೊರಗೆ ನೋಡತೊಡಗಿದ್ದು ಯಾಕೆ? ಅವಳಿಗೂ ಹೇಳಲು ಬರುತ್ತಿರಲಿಲ್ಲ. ಪಾತ್ರೆ ಕುದಿಯಲು ಹತ್ತಿದರೆ ಅವಳ ಮನಸ್ಸು ಮುಂದಿನ ಪಾತ್ರೆಗೆ ಹಾರುತ್ತಿತ್ತು. ಒಂದು ಸಂಜೆ ನರ್ಸು ಕೆಲಸಕ್ಕೆ ಹೊರಟವಳು ಪೊಟ್ಟಣ ಕಟ್ಟಿಸಿಕೊಳ್ಳುತ್ತ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರಿಗೆ, ರೋಗಿಗಳ ಕಡೆಯವರಿಗೆ ಬಿಸಿ ಏನೂ ಸಿಗುವುದಿಲ್ಲ ಎಂದಳು. ಅಷ್ಟೇ ಸಾಕಾಯಿತು.

ಡ್ರೈವಿಂಗ್ ಕಲಿಸಿದ್ದು ಗಂಡ. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಆಡದ ಜಗಳವನ್ನೆಲ್ಲ ಆ ಕೆಲವು ವಾರದಲ್ಲಿ ಆಡಿ ಮುಗಿಸಿದರು. "ಬ್ರೇಕು ಅನ್ನೋದು ಒಂದಿದೆ ಕಣೇ!" ಎಂದು ಅವನು ಕೂಗಿದರೆ, "ನಿಮ್ಮ ಕಾಲು ಯಾವಾಗ್ಲೂ ಅದರ ಮೇಲೇ ಇರುತ್ತೆ" ಎಂದು ಇವಳು. ಮೊದಲ ಪರೀಕ್ಷೆಯಲ್ಲಿ ವೇಗ ಹೆಚ್ಚಾಯಿತೆಂದು ಫೇಲಾದಳು. ಎರಡನೆಯದರಲ್ಲಿ ಪಾಸಾದಳು. ಹಳೆಯದೊಂದು ವ್ಯಾನು ಬಂತು. ಅದರ ಹಿಂಭಾಗದಲ್ಲಿ ಮುಚ್ಚಳ ಭದ್ರವಾದ ಪಾತ್ರೆಗಳನ್ನು ಪಟ್ಟಿ ಬಿಗಿದು ನಿಲ್ಲಿಸಲು ತಗಡಿನ ಮೇಸ್ತ್ರಿಯೇ ಚೌಕಟ್ಟು ಮಾಡಿಕೊಟ್ಟ.

ಸೊಸೆ ಆಸ್ಪತ್ರೆಗೆ ಹೊರಟ ಮೊದಲ ಸಂಜೆ ಅತ್ತೆ ಬೆಂಚಿನಿಂದ ಎದ್ದು ರಸ್ತೆ ದಾಟಿ ಬಂದು ವ್ಯಾನಿನ ಕಿಟಕಿಯ ಹತ್ತಿರ ನಿಂತರು. "ಎಷ್ಟು ಹೊತ್ತಿಗೆ ಬರ್ತೀಯ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲ ಅತ್ತೆ. ಸೂಪು ಮುಗಿದಾಗ."

"ಅಲ್ಲಿಯವರೆಗೆ ಇಲ್ಲಿ ಸೂಪು ಯಾರು ನೋಡ್ಕೊಳ್ಳೋದು?"

"ನೀವು."

"ನಾನಾ? ನಿಂತ್ಕೊಂಡಾ?" ಅತ್ತೆಯ ದನಿಯಲ್ಲಿ ದೂರು ಇತ್ತು. ಆದರೆ ಆಗಲೇ ಅವರು ಕಟ್ಟೆಯ ಕಡೆ ತಿರುಗಿ ಗಿರಾಕಿಯೊಬ್ಬನನ್ನು ಗದರುತ್ತಿದ್ದರು: "ಸಾಲಲ್ಲಿ ನಿಲ್ಲಪ್ಪ!"

ವ್ಯಾನು ಕೆಮ್ಮಿಕೊಂಡು ಹೊರಟಿತು. ಹಿಂದೆ ಪಾತ್ರೆಗಳು ಒಂದಕ್ಕೊಂದು ಮುಟ್ಟಿ ಸದ್ದು ಮಾಡುತ್ತಿದ್ದವು. ಆಸ್ಪತ್ರೆಯ ಗೇಟಿನ ಹತ್ತಿರ ಬಿಳಿ ಬಟ್ಟೆಯವರು, ಕೈಯಲ್ಲಿ ಖಾಲಿ ಡಬ್ಬಿ ಹಿಡಿದ ಮನೆಯವರು ಆಗಲೇ ಕಾಯುತ್ತಿದ್ದರು. ನರ್ಸು ಮುಂದೆ ನಿಂತು ಕೈ ಬೀಸಿದಳು. ಸೊಸೆ ಹ್ಯಾಂಡ್‌ಬ್ರೇಕು ಎಳೆದಳೋ ಇಲ್ಲವೋ, ಧುಮುಕಿ ಹಿಂಬಾಗಿಲು ತೆರೆದಳು. ಆವಿ ಮುಖಕ್ಕೆ ರಾಚಿತು. ಬಡಿಸುತ್ತ ಬಡಿಸುತ್ತಲೇ ಅವಳ ಕಣ್ಣು ಗೇಟಿನಾಚೆಯ ರೈಲು ಯಾರ್ಡಿನ ಕಡೆ ಹೋಯಿತು. ಅಲ್ಲಿ ಹಳಿಗಳ ನಡುವೆ ದೀಪ ಹಿಡಿದು ಜನ ಓಡಾಡುತ್ತಿದ್ದರು.

"ಸಿಸ್ಟರ್, ಅಲ್ಲಿರೋರು ರಾತ್ರಿ ಏನು ತಿಂತಾರೆ?" ಎಂದು ಕೇಳಿದಳು.

"ಮೊದಲು ನನ್ನ ಡಬ್ಬಿ ತುಂಬಿಸಿ ಅಕ್ಕ" ಎಂದಳು ನರ್ಸು.